ಮುಂಡರಗಿಯ ದ್ರವ ಸಾರಜನಕ ಪೂರೈಕೆ: ಕ್ಯಾನ್ಸರ್ ಕೋಶ ಬೆಳೆಸುವವರಿಗಾಗಿ ಒಂದು ವಿಮರ್ಶೆ

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಅಂಗಡಿಗಳಿಗೂ ಸಣ್ಣ ಕಾರ್ಖಾನೆಗಳಿಗೂ ಆಕ್ಸಿಜನ್, ಆರ್ಗಾನ್ ಸಿಲಿಂಡರ್ ಒದಗಿಸುವ ಗ್ಯಾಸ್ ಏಜೆನ್ಸಿಯೊಂದು ದ್ರವ ಸಾರಜನಕವನ್ನೂ ಮಾರುತ್ತದೆ. ನಗರದ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಜೀವವಿಜ್ಞಾನದ ಪೋಸ್ಟ್‌ಡಾಕ್ಟರಲ್ (ಪಿಎಚ್‌ಡಿ ನಂತರದ) ಸಂಶೋಧಕಿಯಾಗಿ ಸೇರಿದಾಗಿನಿಂದ, ಕೋಶಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುವ ನಮ್ಮ ಪ್ರಯೋಗಾಲಯದ ಕ್ಯಾನ್‌ಗಳು ಬರಿದಾಗದಂತೆ ನೋಡಿಕೊಳ್ಳುವ ಹೊಣೆ ನನ್ನದಾಗಿದ್ದು, ಈ ಏಜೆನ್ಸಿಯೊಂದಿಗಿನ ವ್ಯವಹಾರವೆಲ್ಲ ನನ್ನ ಮೂಲಕವೇ ನಡೆದಿದೆ. ಮಾಲೀಕರಿಗೆ ಪ್ರಚಾರ ಇಷ್ಟವಿಲ್ಲದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂಡರಗಿಗೆ ಹೋಗಿ ಲಿಕ್ವಿಡ್ ಎಲ್ಲಿ ಸಿಗುತ್ತದೆ ಎಂದು ಯಾವ ವೆಲ್ಡರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಈ ವಸ್ತು ನಮಗೇಕೆ ಇಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಈ ಸೇವೆಯನ್ನು ಅದರಿಂದಲೇ ಅಳೆಯಬೇಕು. ನನ್ನ ಕೆಲಸ ಬಾಯಿ ಕ್ಯಾನ್ಸರ್‌ನ ಕೋಶಗಳ ಮೇಲೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಇದು ಮುಂದಿದೆ, ಮತ್ತು ತಂಬಾಕು ಜಗಿಯುವ ಚಟ ನಮ್ಮ ಭಾಗದಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ತಲೆ ಮತ್ತು ಕುತ್ತಿಗೆಯ ಭಾಗದ ಕ್ಯಾನ್ಸರ್‌ಗೆ ಇಂದಿಗೂ ಕೊಡುವ ಮುಖ್ಯ ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಒಂದು. ಬೇರೆ ಕ್ಯಾನ್ಸರ್‌ಗಳಿಗಾಗಿ 1978ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಈ ಔಷಧ ಕೋಶದ ಡಿಎನ್‌ಎಗೆ ಅಂಟಿಕೊಂಡು ಅದರ ವಿಭಜನೆಯನ್ನು ತಡೆಯುತ್ತದೆ. ಕೆಲವು ರೋಗಿಗಳಲ್ಲಿ ಗೆಡ್ಡೆ ಮೊದಲು ಕರಗಿ, ತಿಂಗಳುಗಳ ಬಳಿಕ ಅದೇ ಔಷಧಕ್ಕೆ ಜಗ್ಗದಂತೆ ಮತ್ತೆ ಬೆಳೆಯುತ್ತದೆ. ಹೀಗೇಕೆ ಆಗುತ್ತದೆ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಕೋಶಗಳಿಗೆ ಮೊದಲು ತೀರ ಸಣ್ಣ ಪ್ರಮಾಣದ ಸಿಸ್‌ಪ್ಲಾಟಿನ್ ಕೊಟ್ಟು, ಉಳಿದುಕೊಂಡವುಗಳನ್ನು ಬೆಳೆಸಿ, ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುತ್ತೇವೆ. ಹೀಗೆ ಔಷಧಕ್ಕೆ ಒಗ್ಗಿದ ಒಂದು ಕೋಶಸಂತತಿ ಸಿದ್ಧವಾಗಲು ಆರು ತಿಂಗಳಿಂದ ಒಂದು ವರ್ಷದವರೆಗೂ ಬೇಕಾಗುತ್ತದೆ. ಅದು ಯಾವ ಕಂಪನಿಯ ಪಟ್ಟಿಯಲ್ಲೂ ಸಿಗುವುದಿಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಮೂಲ ಕೋಶಗಳನ್ನು ಮತ್ತೆ ತರಿಸಿಕೊಳ್ಳಬಹುದು, ಆದರೆ ಒಗ್ಗಿಸಿದ ಕೋಶಗಳನ್ನು ಕಳೆದುಕೊಂಡವರು ಮೊದಲ ಪ್ರಮಾಣದಿಂದಲೇ ಮತ್ತೆ ಶುರುಮಾಡಬೇಕು.

ಪೋಸ್ಟ್‌ಡಾಕ್‌ಗಳ ಕೈಯಲ್ಲಿ ಅಷ್ಟು ಸಮಯವಿರುವುದಿಲ್ಲ. ಪಿಎಚ್‌ಡಿ ವಿದ್ಯಾರ್ಥಿಗೆ ನಾಲ್ಕೈದು ವರ್ಷ ಸಿಗುತ್ತದೆ, ಅಧ್ಯಾಪಕರಿಗೆ ಇಡೀ ವೃತ್ತಿಜೀವನವಿದೆ. ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಸಾಮಾನ್ಯವಾಗಿ ಎರಡು ವರ್ಷದ್ದು. ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಗಿರುವ, ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಸೆರ್ಬ್) ರೂಪಿಸಿದ್ದ ರಾಷ್ಟ್ರೀಯ ಫೆಲೋಶಿಪ್‌ನಲ್ಲಿ ತಿಂಗಳಿಗೆ 55,000 ರೂಪಾಯಿಯ ಜೊತೆಗೆ ಮನೆ ಬಾಡಿಗೆ ಭತ್ಯೆಯೂ ಸಂಶೋಧನೆಗೆಂದು ವರ್ಷಕ್ಕೆ 2 ಲಕ್ಷ ರೂಪಾಯಿಯೂ ಇತ್ತು. ಕೋಶಗಳಿಗೆ ಬೇಕಾದ ಸೀರಂನ 500 ಮಿಲಿಲೀಟರ್‌ನ ಒಂದೇ ಬಾಟಲಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ ಎಂಬುದನ್ನು ನೆನೆದರೆ ಆ 2 ಲಕ್ಷ ಎಷ್ಟು ದಿನ ಬಂದೀತು ಎಂದು ಊಹಿಸಬಹುದು. ಇಷ್ಟು ಬಿಗಿಯಾದ ಹಣ ಮತ್ತು ಕಾಲದೊಳಗೆ ಒಂದು ಕ್ಯಾನ್ ಒಣಗಿದರೆ ಅರ್ಧ ಫೆಲೋಶಿಪ್ ಮುಗಿದಂತೆಯೇ. ಆದ್ದರಿಂದ ದ್ರವ ಸಾರಜನಕ ಪೂರೈಸುವವರಿಂದ ನಾನು ಬಯಸುವುದು ಎರಡೇ: ಹೇಳಿದ ದಿನ ಬರಬೇಕು, ಹೇಳಿದಷ್ಟು ತರಬೇಕು.

ದ್ರವ ಸಾರಜನಕ ಕುದಿಯುವುದು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ರಯೋಗಾಲಯದ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲೇ ಕೋಶಗಳನ್ನು ಇಟ್ಟರಾಗದೇ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಕೇಳುವುದುಂಟು. ಕೋಶಗಳನ್ನು ಸೀರಂ ಮತ್ತು ಸುಮಾರು ಶೇಕಡಾ 10ರಷ್ಟು ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ರಾಸಾಯನಿಕ) ಬೆರೆಸಿದ ದ್ರಾವಣದಲ್ಲಿಟ್ಟು, ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ತಣಿಸಿ, ಒಂದು ರಾತ್ರಿಯ ಮಟ್ಟಿಗೆ ಮೈನಸ್ 80ರಲ್ಲಿ ಇಡುವುದು ಸರಿಯೇ. ಆದರೆ ಆ ಉಷ್ಣತೆಯಲ್ಲಿ ಕೋಶದೊಳಗಿನ ಬದಲಾವಣೆಗಳು ಪೂರ್ತಿ ನಿಲ್ಲುವುದಿಲ್ಲ. ತಿಂಗಳುಗಳು ಕಳೆದಂತೆ ಬದುಕುಳಿಯುವ ಕೋಶಗಳ ಪ್ರಮಾಣ ಇಳಿಯುತ್ತದೆ. ಮೈನಸ್ 130 ಡಿಗ್ರಿಗಿಂತ ಕೆಳಗೆ ಹೋದಾಗ ಮಾತ್ರ ಎಲ್ಲವೂ ನಿಂತು, ಕೋಶಗಳು ದಶಕಗಟ್ಟಲೆ ಹಾಗೆಯೇ ಉಳಿಯುತ್ತವೆ. ಇನ್ನೊಂದು ಕಾರಣವನ್ನು ನಮ್ಮೂರಿನಲ್ಲಿ ಯಾರೂ ಮರೆಯುವಂತಿಲ್ಲ. ಫ್ರೀಜರ್‌ಗೆ ಕರೆಂಟ್ ಬೇಕು, ದ್ರವ ಸಾರಜನಕದ ಕ್ಯಾನ್‌ಗೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಮಧ್ಯಾಹ್ನ ಕರೆಂಟ್ ಹೋದಾಗ ಫ್ರೀಜರ್‌ನ ಅಲಾರಾಂ ಕೂಗುತ್ತಿದ್ದರೂ ಕ್ಯಾನ್ ತನ್ನ ಪಾಡಿಗೆ ತಾನು ತಣ್ಣಗಿರುತ್ತದೆ.

ಈ ಏಜೆನ್ಸಿಗೆ ಬರುವ ಮುಂಚೆ ನಮ್ಮ ಪ್ರಯೋಗಾಲಯ ಬೇರೊಬ್ಬ ಪೂರೈಕೆದಾರರಿಂದ ತರಿಸುತ್ತಿತ್ತು. ಅವರು ಲೀಟರ್ ಲೆಕ್ಕದಲ್ಲಿ ಬಿಲ್ ಮಾಡುತ್ತಿದ್ದರು, ಆದರೆ ಆ ಲೀಟರ್ ಅಳೆದವರು ಯಾರೂ ಇರಲಿಲ್ಲ. ಬಿಸಿಯಾಗಿದ್ದ ಖಾಲಿ ಕ್ಯಾನ್‌ಗೆ ಒಮ್ಮೆಲೇ ಸುರಿದರೆ ಮೊದಲ ಕೆಲವು ಲೀಟರ್ ಕ್ಯಾನ್‌ನ ಒಳಗೋಡೆಯನ್ನು ತಣಿಸುವುದರಲ್ಲೇ ಆವಿಯಾಗಿ ಹೋಗುತ್ತದೆ. ಹಾಗೆ ಹೋದದ್ದನ್ನೂ ಸೇರಿಸಿ ಪೂರ್ತಿ ಕ್ಯಾನ್‌ನ ಹಣವನ್ನೇ ಪಡೆಯುತ್ತಿದ್ದರು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಬೇರೆಯವರ ಕ್ಯಾನ್ ತುಂಬಿಸಿಕೊಂಡು ಸಂಜೆಗೆ ತಂದ ದಿನ ನಮ್ಮ ಪಾತ್ರೆಯ ತಳದಲ್ಲಿ ಬೆರಳಗಲದಷ್ಟು ದ್ರವ ಮಾತ್ರ ಇತ್ತು. ಈ ವಹಿವಾಟಿನಲ್ಲಿ ಇಂಥದ್ದು ಅಪರೂಪವಲ್ಲವೆಂದು ಬೇರೆ ಊರುಗಳ ಸಹೋದ್ಯೋಗಿಗಳೂ ಹೇಳಿದ್ದಾರೆ.

ಮುಂಡರಗಿಯ ಅಂಗಡಿ ಬೇರೆಯಾಗಿ ನಿಲ್ಲುವುದು ಇಲ್ಲಿಯೇ. ಅವರು ತೂಕ ಮಾಡುತ್ತಾರೆ. ಅಂಗಳದ ಒಂದು ಮೂಲೆಯಲ್ಲಿ, ತಗಡಿನ ಚಪ್ಪರದ ಕೆಳಗೆ, ನೆಲದ ಮಟ್ಟಕ್ಕೆ ಕೂರಿಸಿದ ಎಲೆಕ್ಟ್ರಾನಿಕ್ ತಕ್ಕಡಿಯಿದೆ. ಕ್ಯಾನ್ ಬಂದ ಕೂಡಲೇ ಅದನ್ನು ತುಂಬಿಸುವ ಮುನ್ನ ತೂಗಿ, ಕ್ಯಾನ್‌ನ ಕುತ್ತಿಗೆಗೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ ಬರೆದಿರುವ ಹಿಂದಿನ ತೂಕದೊಂದಿಗೆ ಹೋಲಿಸುತ್ತಾರೆ. ಬಳಿಕ ದೊಡ್ಡ ಟ್ಯಾಂಕ್‌ನಿಂದ ಬರುವ ಸ್ಟೀಲ್ ಜಾಲರಿಯ ಹೋಸ್‌ನ ತುದಿಯನ್ನು ಕ್ಯಾನ್‌ನ ಬಾಯಿಯೊಳಕ್ಕೆ ಇಳಿಸಿ ಮೊದಲು ಸ್ವಲ್ಪವೇ ಬಿಡುತ್ತಾರೆ. ಕ್ಯಾನ್ ಸಿಡಿಮಿಡಿ ಸದ್ದು ಮಾಡುತ್ತದೆ, ಬಾಯಿಂದ ಬಿಳಿ ಮಂಜು ಹೊರಬಿದ್ದು ನೆಲದ ಮೇಲೆ ಹರಿಯುತ್ತದೆ, ಹೋಸ್‌ನ ಮೇಲೆ ಹರಳುಪ್ಪಿನಂತೆ ಹಿಮ ಕಟ್ಟುತ್ತದೆ. ಒಳಗೋಡೆ ತಣಿದು ಸದ್ದು ಇಳಿಯುವವರೆಗೆ ಕಾದು, ಆಮೇಲೆ ಪೂರ್ತಿ ತುಂಬಿಸುತ್ತಾರೆ. ಮತ್ತೆ ತೂಗುತ್ತಾರೆ. ಒಂದು ಲೀಟರ್ ದ್ರವ ಸಾರಜನಕದ ತೂಕ ಸುಮಾರು 0.8 ಕಿಲೋ ಆಗಿರುವುದರಿಂದ 35 ಲೀಟರ್‌ನ ಕ್ಯಾನ್ ತುಂಬಿದಾಗ ಖಾಲಿ ತೂಕಕ್ಕಿಂತ 28 ಕಿಲೋ ಹೆಚ್ಚಿರಬೇಕು. 24 ಕಿಲೋ ಬಂದರೆ ಬಿಲ್‌ನಲ್ಲಿ 30 ಲೀಟರ್ ಎಂದೇ ಬರೆಯುತ್ತಾರೆ. ತಣಿಸುವಾಗ ಹೋದದ್ದು ಅವರ ಲೆಕ್ಕಕ್ಕೆ. ತಕ್ಕಡಿಯ ಬಳಿ ನಿಲ್ಲುವ ಹಿರಿಯ ಕೆಲಸಗಾರರು ಪ್ರತಿ ಸಲವೂ ಚೀಟಿ ಮುಂದೆ ಹಿಡಿದು, “ಮೇಡಂ, ತೂಕ ನೋಡ್ಕಂಡು ಸೈನ್ ಮಾಡ್ರಿ” ಎನ್ನುತ್ತಾರೆ. ನಾನು ನೋಡದೆ ಸಹಿ ಮಾಡಲು ಹೊರಟರೆ ಚೀಟಿ ಹಿಂದಕ್ಕೆ ಎಳೆದುಕೊಳ್ಳುವವರು ಅವರು.

ಈ ತೂಕದ ಚೀಟಿಯಿಂದ ಇನ್ನೊಂದು ಉಪಯೋಗವಾಗಿದೆ, ಬಹುಶಃ ಅವರೂ ಅದನ್ನು ಉದ್ದೇಶಿಸಿರಲಿಲ್ಲ. ಕ್ಯಾನ್‌ನ ಎರಡು ಗೋಡೆಗಳ ನಡುವೆ ನಿರ್ವಾತವಿರುತ್ತದೆ. ಅದು ಹಾಳಾದರೆ ದ್ರವ ಬೇಗ ಆವಿಯಾಗತೊಡಗುತ್ತದೆ. ಚೆನ್ನಾಗಿರುವ ಸಂಗ್ರಹ ಕ್ಯಾನ್‌ನಲ್ಲಿ ಸುಮ್ಮನಿಟ್ಟರೆ ದಿನಕ್ಕೆ ಅರ್ಧ ಲೀಟರ್‌ಗೂ ಕಡಿಮೆ ಹೋಗಬೇಕು. ನಾವು ಮರದ ಅಳತೆಕೋಲನ್ನು ಕ್ಯಾನ್‌ಗೆ ಇಳಿಸಿ, ಹೊರತೆಗೆದಾಗ ಹಿಮ ಕಟ್ಟಿದ ಉದ್ದವನ್ನು ನೋಡಿ ಮಟ್ಟ ಬರೆದಿಡುತ್ತೇವೆ, ಆದರೆ ಆ ಅಳತೆ ಒರಟು. ತುಂಬಿಸಿದ ದಿನದ ತೂಕವೂ ಮುಂದಿನ ಸಲ ತಂದ ದಿನದ ತೂಕವೂ ಚೀಟಿಯಲ್ಲಿ ಇದ್ದುದರಿಂದ ನಮ್ಮ ಹಳೆಯ ಕ್ಯಾನ್ ಒಂದು ನಿಧಾನವಾಗಿ ಸೋಲುತ್ತಿದೆ ಎಂಬುದನ್ನು ಮೊದಲು ಗುರುತಿಸಿದ್ದು ಅದೇ ಹಿರಿಯ ಕೆಲಸಗಾರರು. ಕುತ್ತಿಗೆಯ ಸುತ್ತ ಹೊರಗಿನಿಂದ ಬೆವರಿದಂತೆ ನೀರು ಕಟ್ಟಿದ್ದನ್ನೂ ಅವರೇ ತೋರಿಸಿದರು. ಆ ಕ್ಯಾನ್‌ನಲ್ಲಿದ್ದ ವಯಲ್‌ಗಳನ್ನು (ಕೋಶಗಳಿರುವ ಪುಟ್ಟ ಶೀಶೆಗಳನ್ನು) ಅಂದೇ ಬೇರೆಡೆಗೆ ವರ್ಗಾಯಿಸಿದೆವು. ಔಷಧಕ್ಕೆ ಒಗ್ಗಿದ ನಮ್ಮ ಕೋಶಗಳ ಮೊದಲ ಸಂಗ್ರಹವೂ, ಪಕ್ಕದ ಆಸ್ಪತ್ರೆಯ ರೋಗಿಗಳು ಲಿಖಿತ ಒಪ್ಪಿಗೆ ಕೊಟ್ಟು ಬಿಟ್ಟುಕೊಟ್ಟ ಗೆಡ್ಡೆಯ ಚೂರುಗಳಿಂದ ಬೆಳೆಸಿದ ಕೋಶಗಳೂ ಅವುಗಳಲ್ಲಿದ್ದವು. ಆ ಚೂರುಗಳನ್ನು ಕೊಟ್ಟವರಲ್ಲಿ ಕೆಲವರು ಈಗ ಬದುಕಿಲ್ಲ. ಅವರಿಂದ ಮತ್ತೆ ಕೇಳಿ ಪಡೆಯುವ ಮಾತೇ ಇಲ್ಲ. ಒಬ್ಬ ಗ್ಯಾಸ್ ಅಂಗಡಿಯ ಕೆಲಸಗಾರರಿಗೆ ನಮ್ಮ ಪ್ರಯೋಗಾಲಯ ಎಷ್ಟು ಋಣಿಯಾಗಿದೆ ಎಂಬುದನ್ನು ಈ ವಿಮರ್ಶೆಯಲ್ಲಿ ಬರೆಯದಿದ್ದರೆ ಬೇರೆಲ್ಲೂ ಅದು ದಾಖಲಾಗುವುದಿಲ್ಲ. ಪ್ರಬಂಧಗಳ ಕೃತಜ್ಞತೆಯ ಸಾಲುಗಳಲ್ಲಿ ಅನುದಾನ ಕೊಟ್ಟ ಸಂಸ್ಥೆಗಳ ಹೆಸರಿರುತ್ತದೆ, ಕ್ಯಾನ್ ತುಂಬಿಸಿದವರ ಹೆಸರಿರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಈ ಅಂಗಡಿಯವರು ಕಟ್ಟುನಿಟ್ಟಾಗಿರುವುದು ನನಗೆ ಮೆಚ್ಚುಗೆಯಾದ ಇನ್ನೊಂದು ಅಂಶ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಸುಮಾರು ಅಷ್ಟೇ ಎತ್ತರದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಲೀಟರ್ ಚೆಲ್ಲಿದರೆ ಗಾಳಿಯಲ್ಲಿನ ಆಮ್ಲಜನಕ ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿಯುತ್ತದೆ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರುಗಟ್ಟುತ್ತಿದೆ ಎಂಬ ಅರಿವೂ ಬಾರದೆ ಮನುಷ್ಯ ಕುಸಿಯಬಹುದು. ಅದಕ್ಕಾಗಿಯೇ ಅವರು ಕ್ಯಾನ್ ಅನ್ನು ಎಸಿ ಹಾಕಿದ ಕಾರಿನಲ್ಲಿ ಒಯ್ಯಲು ಬಿಡುವುದಿಲ್ಲ. ಹಿಂದೆ ತೆರೆದಿರುವ ಟಾಟಾ ಏಸ್‌ನಲ್ಲೇ ನಿಲ್ಲಿಸಿ ಹಗ್ಗ ಬಿಗಿದು ಕಳಿಸುತ್ತಾರೆ. ನಮ್ಮ ಕಟ್ಟಡದಲ್ಲಿ ಲಿಫ್ಟ್‌ನೊಳಗೆ ಕ್ಯಾನ್ ಇಟ್ಟು ಗುಂಡಿ ಒತ್ತಿ, ತಾವು ಮೆಟ್ಟಿಲು ಹತ್ತಿ ಬರುತ್ತಾರೆ. ಮುಚ್ಚಳವನ್ನು ಸಡಿಲವಾಗಿಯೇ ಇಡುತ್ತಾರೆ, ಏಕೆಂದರೆ ಬಿಗಿದ ಪಾತ್ರೆಯಲ್ಲಿ ಆವಿಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಸಿಡಿಯುತ್ತದೆ. ದೊಡ್ಡ ನಗರಗಳ ಹೆಸರಾಂತ ಕ್ಯಾಂಪಸ್‌ಗಳಲ್ಲೂ ಈ ನಿಯಮಗಳನ್ನು ಗೋಡೆಗೆ ಅಂಟಿಸಿ ಮರೆತವರನ್ನು ನಾನು ನೋಡಿದ್ದೇನೆ.

ಬಳ್ಳಾರಿಯಂಥ ಊರಿನಲ್ಲಿ ಇದು ಸಿಗುವುದೇ ಹೇಗೆ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಗಾಳಿಯ ಶೇಕಡಾ 78ರಷ್ಟು ಸಾರಜನಕವೇ. ಉಕ್ಕಿನ ಕುಲುಮೆಗೆ ಅಪಾರ ಪ್ರಮಾಣದ ಆಮ್ಲಜನಕ ಬೇಕಾದುದರಿಂದ ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಗಾಳಿಯನ್ನು ತಣಿಸಿ, ದ್ರವ ಮಾಡಿ, ಬೇರ್ಪಡಿಸುವ ದೊಡ್ಡ ಘಟಕಗಳಿವೆ. ಆಮ್ಲಜನಕ ಮೈನಸ್ 183ರಲ್ಲಿ, ಸಾರಜನಕ ಮೈನಸ್ 196ರಲ್ಲಿ ಕುದಿಯುವ ವ್ಯತ್ಯಾಸದಿಂದಲೇ ಅವು ಬೇರೆಯಾಗುತ್ತವೆ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ಆಸ್ಪತ್ರೆಗಳಿಗೆ ಇದೇ ಜಿಲ್ಲೆಯಿಂದ ಟ್ಯಾಂಕರ್‌ಗಟ್ಟಲೆ ದ್ರವ ಆಮ್ಲಜನಕ ಹೋದದ್ದು ಎಲ್ಲರಿಗೂ ನೆನಪಿದೆ. ಇಂಥ ಘಟಕಗಳು ಹತ್ತಿರವಿರುವ ಊರಿನಲ್ಲಿ ಟ್ಯಾಂಕರ್ ದೂರದಿಂದ ಬರಬೇಕಾಗಿಲ್ಲ. ಲೀಟರ್‌ನ ದರ ಬೆಂಗಳೂರಿನಲ್ಲಿ ಕೇಳಿದ ದರಕ್ಕಿಂತ ಸ್ವಲ್ಪ ಹೆಚ್ಚಿದ್ದರೂ, ಅಲ್ಲಿಂದ ತರಿಸುವ ಸಾಗಣೆ ಮತ್ತು ದಾರಿಯಲ್ಲಿ ಆವಿಯಾಗುವ ಪಾಲನ್ನು ಸೇರಿಸಿದರೆ ಇಲ್ಲಿಯೇ ಅಗ್ಗ. ಶೇಕಡಾ 18ರಷ್ಟು ಜಿಎಸ್‌ಟಿ ಪ್ರತ್ಯೇಕ.

ಅಂಗಡಿಯ ಖಾಯಂ ಗಿರಾಕಿಗಳಲ್ಲಿ ಪಶು ಆಸ್ಪತ್ರೆಗಳವರೇ ಹೆಚ್ಚು. ದನ, ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ನಳಿಕೆಗಳನ್ನೂ ಇದೇ ದ್ರವದಲ್ಲಿ ಇಡಬೇಕು. ಅವರ ಸರದಿಯ ದಿನ ನಮ್ಮ ಕ್ಯಾನ್ ಕೊಂಡೊಯ್ದರೆ ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ. ಹಿಂದಿನ ದಿನ ಫೋನ್ ಮಾಡಿ ಹೋಗುವುದು ಒಳ್ಳೆಯದು.

ಬಿಲ್‌ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪೋಸ್ಟ್‌ಡಾಕ್‌ಗಳು ನಿಜವಾಗಿ ಸೋತುಹೋಗುವುದು ಇಲ್ಲಿ. ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ನಾವು ವಿದ್ಯಾರ್ಥಿಗಳೂ ಅಲ್ಲ, ಅಧ್ಯಾಪಕರೂ ಅಲ್ಲ. ಖರೀದಿ ಆದೇಶಕ್ಕೆ ಸಹಿ ಮಾಡುವ ಅಧಿಕಾರ ನಮಗಿಲ್ಲ; ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಹಣಕಾಸು ಶಾಖೆ ಎಂದು ಕಡತ ಸುತ್ತಬೇಕು. ಅಷ್ಟರಲ್ಲಿ ಕ್ಯಾನ್ ಕಾಯುವುದಿಲ್ಲ. ಈ ಏಜೆನ್ಸಿಯ ಲೆಕ್ಕ ನೋಡಿಕೊಳ್ಳುವ ಅಮ್ಮನವರಿಗೆ ಈ ಸುತ್ತಾಟವೆಲ್ಲ ಬಾಯಿಪಾಠವಾಗಿದೆ. ಖರೀದಿ ಆದೇಶದ ಪ್ರತಿ ಕೈಗೆ ಸಿಕ್ಕರೆ ಸಾಕು, ಹಣ ಬರುವ ಮುಂಚೆಯೇ ಲಿಕ್ವಿಡ್ ಕೊಡುತ್ತಾರೆ. ಬಿಲ್‌ನಲ್ಲಿ ಯೋಜನೆಯ ಸಂಖ್ಯೆ, ವಿಶ್ವವಿದ್ಯಾಲಯದ ಜಿಎಸ್‌ಟಿ ಸಂಖ್ಯೆ, ತೂಕ, ಲೀಟರ್ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಮಾರ್ಚ್ ಕೊನೆಯ ವಾರ ಬಂದಾಗ ಆ ವರ್ಷದ ಎಲ್ಲ ಬಿಲ್‌ಗಳ ಒಟ್ಟು ಪಟ್ಟಿಯೊಂದನ್ನು ಕೇಳದೆಯೇ ಕಳಿಸುತ್ತಾರೆ. ಹಣ ಬಳಕೆ ಪ್ರಮಾಣಪತ್ರವನ್ನು ಒಪ್ಪಿಸಿದರಷ್ಟೇ ಮುಂದಿನ ಕಂತು ಬರುವ ವ್ಯವಸ್ಥೆಯಲ್ಲಿ ಇದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಒಮ್ಮೆ ಆ ಪತ್ರ ತಯಾರಿಸಿದವರು ಬಲ್ಲರು. ಫೋನ್‌ನಲ್ಲಿ ಅವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, “ಕ್ಯಾನ್ ಎಷ್ಟಕ್ಕ ಬಂದೈತಿ, ಇನ್ನೂ ಎಷ್ಟು ದಿನ ತಡೀತದ?” ಎಂಬುದು. ಹಣ ಯಾವಾಗ ಎಂಬ ಪ್ರಶ್ನೆ ಅದರ ನಂತರ ಬರುತ್ತದೆ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯ. ಹಬ್ಬದ ರಜೆಗಳನ್ನು ಅವರು ಮುಂಚಿತವಾಗಿ ತಿಳಿಸುವುದಿಲ್ಲ. ಯುಗಾದಿ, ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಅಂಗಡಿ ಸತತವಾಗಿ ಮುಚ್ಚಿರುವುದುಂಟು, ಆಗ ಫೋನನ್ನೂ ಎತ್ತುವುದಿಲ್ಲ. ನಾವು ಹಬ್ಬದ ಮುಂಚಿನ ವಾರವೇ ಎಲ್ಲ ಕ್ಯಾನ್ ತುಂಬಿಸಿಕೊಳ್ಳುವ ಪದ್ಧತಿ ಮಾಡಿಕೊಂಡಿದ್ದೇವೆ, ಆದರೆ ಗಿರಾಕಿಗಳಿಗೆ ಒಂದು ಸಂದೇಶ ಕಳಿಸುವುದು ಅವರಿಗೆ ಕಷ್ಟವಾಗಲಾರದು. ಎರಡನೆಯದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ: ತುಂಬಿಸುವ ಯುವಕರಲ್ಲಿ ಕೆಲವರು ಮುಖಕ್ಕೆ ಕವಚ ಹಾಕುವುದಿಲ್ಲ, ಕೈಗೆ ಸಾಮಾನ್ಯ ಬಟ್ಟೆಯ ಗ್ಲೌಸ್ ಹಾಕಿಕೊಳ್ಳುತ್ತಾರೆ. ಬಟ್ಟೆಯೊಳಗೆ ದ್ರವ ಹೀರಿಕೊಂಡು ಚರ್ಮಕ್ಕೆ ಅಂಟಿದರೆ ಬರಿಗೈಗಿಂತಲೂ ಹೆಚ್ಚು ಸುಡುತ್ತದೆ. ಬರಿಗೈ ಮೇಲೆ ಬಿದ್ದ ಹನಿ ಜಾರಿಹೋಗುವ ಸಾಧ್ಯತೆಯಾದರೂ ಇದೆ. ಸಡಿಲವಾದ, ಕೂಡಲೇ ಕಳಚಬಹುದಾದ ಕ್ರಯೋ ಗ್ಲೌಸ್ (ಅತಿ ಶೀತವನ್ನು ತಡೆಯುವ ಕೈಚೀಲ) ಕೊಡಿಸಬೇಕೆಂದು ಮಾಲೀಕರಿಗೆ ಹೇಳಿದ್ದೇನೆ. ಹಿರಿಯ ಕೆಲಸಗಾರರಿಗೆ ತರಿಸಿಕೊಟ್ಟಿದ್ದಾರೆ, ಎಲ್ಲರಿಗೂ ಇನ್ನೂ ಸಿಕ್ಕಿಲ್ಲ. ಗಿರಾಕಿಯ ಮೇಲೆ ತೋರುವ ಎಚ್ಚರಿಕೆಯನ್ನು ತಮ್ಮ ಹುಡುಗರ ಮೇಲೂ ತೋರಬೇಕೆಂದು ನನ್ನ ಒತ್ತಾಯ.

ಕ್ಯಾನ್ ದುರಸ್ತಿ ಇವರಲ್ಲಿ ಆಗುವುದಿಲ್ಲ. ನಿರ್ವಾತ ಹೋದ ನಮ್ಮ ಹಳೆಯ ಕ್ಯಾನ್ ಅನ್ನು ಹೊರಗೆ ಕಳಿಸುವ ಬದಲು ಹೊಸದನ್ನೇ ಕೊಂಡೆವು. ಮುಚ್ಚಳ, ವಯಲ್ ಇಡುವ ಉದ್ದ ಹಿಡಿಕೆಯ ಡಬ್ಬಿಗಳಂಥ ಬಿಡಿಭಾಗಗಳೂ ಇಲ್ಲಿ ಸಿಗುವುದಿಲ್ಲ. ಐದು ಲೀಟರ್‌ಗಿಂತ ಕಡಿಮೆ ಬೇಕೆಂದರೆ ಹೋದವರೇ ತುಂಬಿಸಿಕೊಂಡು ಬರಬೇಕು, ಮನೆಬಾಗಿಲಿಗೆ ಕಳಿಸುವುದಿಲ್ಲ. ಚರ್ಮರೋಗ ತಜ್ಞರ ಕ್ಲಿನಿಕ್‌ಗಳಿಗೆ ಇದು ತೊಂದರೆಯಾಗಬಹುದು, ನಮ್ಮಂಥವರಿಗೆ ಆಗದು.

ರಾಯಚೂರು ಮತ್ತು ಕೊಪ್ಪಳದ ಪ್ರಯೋಗಾಲಯಗಳಿಂದ ಕೆಲವರು ನನ್ನನ್ನು ವಿಚಾರಿಸಿದ್ದಾರೆ. ಆ ಎರಡೂ ಊರುಗಳಿಗೆ ಅಂಗಡಿಯವರು ವಾಹನ ಕಳಿಸುತ್ತಾರೆ, ಆದರೆ ಒಂದೇ ಕ್ಯಾನ್‌ಗಾಗಿ ಕಳಿಸಿದರೆ ಸಾಗಣೆಯ ಖರ್ಚು ದ್ರವದ ಬೆಲೆಯನ್ನೇ ಮೀರುತ್ತದೆ. ಅಕ್ಕಪಕ್ಕದ ಎರಡು ಮೂರು ಪ್ರಯೋಗಾಲಯಗಳೋ ಹತ್ತಿರದ ಪಶು ಆಸ್ಪತ್ರೆಯೋ ಸೇರಿ ಒಂದೇ ದಿನ ತರಿಸಿಕೊಂಡರೆ ಹೊರೆ ಹಂಚಿಕೆಯಾಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಆರು ಗಂಟೆಗೆ ಹೊರಡುವ ವಾಹನವನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಕ್ಯಾನ್ ತಲುಪಿದ ಕೂಡಲೇ ನಿಮ್ಮಲ್ಲೂ ಒಮ್ಮೆ ತೂಗಿ, ಮುಂಡರಗಿಯ ಚೀಟಿಯಲ್ಲಿರುವ ತೂಕದ ಪಕ್ಕದಲ್ಲಿ ಬರೆದಿಡಿ. ವ್ಯತ್ಯಾಸ ಎರಡು ಕಿಲೋ ಮೀರಿದರೆ ಅಂದೇ ಫೋನ್ ಮಾಡಿ ತಿಳಿಸಿ. ದಾರಿಯಲ್ಲಿ ಏನಾಯಿತೆಂದು ಚಾಲಕರನ್ನು ಕೇಳಿ, ಮುಂದಿನ ಬಿಲ್‌ನಲ್ಲಿ ಆ ಮೊತ್ತವನ್ನು ಕಳೆದು ಕೊಡುತ್ತಾರೆ.